ಹುಡುಕಾಟ ಮೊದಲು, ಮದುವೆ ಆಮೇಲೆ: ಹಾದಿಯಾ ಪ್ರಕರಣದಲ್ಲಿ ನಾವು ಓದದೆ ಬಿಟ್ಟದ್ದು

ಓದುವ ವಯಸ್ಸಿನ ಹೆಣ್ಣುಮಗಳೊಬ್ಬಳು ಇಸ್ಲಾಂ ಸ್ವೀಕರಿಸಿದಳೆಂಬ ಸುದ್ದಿ ಬಂದರೆ ನಮ್ಮಲ್ಲಿ ಮೊದಲು ಏಳುವ ಪ್ರಶ್ನೆ ‘ಹುಡುಗ ಯಾರು?’ ಎಂಬುದು. ಗಂಡುಮಗನಾದರೆ ‘ಯಾರು ತಲೆ ಕೆಡಿಸಿದರು?’ ಎಂದು ಕೇಳುತ್ತಾರೆ. ಅವಳು ಏನನ್ನು ಹುಡುಕುತ್ತಿದ್ದಳು, ಎಷ್ಟು ಕಾಲದಿಂದ ಹುಡುಕುತ್ತಿದ್ದಳು, ಅಲ್ಲಿ ಅವಳಿಗೆ ಸಿಕ್ಕಿದ್ದಾದರೂ ಏನು ಎಂದು ಪೊಲೀಸ್ ಠಾಣೆಯೂ ಕೇಳುವುದಿಲ್ಲ, ಟಿವಿ ಚರ್ಚೆಯೂ ಕೇಳುವುದಿಲ್ಲ. ಬಹುಪಾಲು ಮನೆಗಳಲ್ಲಿ ಅಪ್ಪ ಅಮ್ಮಂದಿರೂ ಕೇಳುವುದಿಲ್ಲ. ಇಂದು ದೇಶದ ಹತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಮತಾಂತರವನ್ನು ನಿಯಂತ್ರಿಸುವ ಕಾಯ್ದೆಗಳಿವೆ. ಅವುಗಳಲ್ಲಿ ಬಹಳಷ್ಟು ಹುಟ್ಟಿದ್ದೇ ಈ ಎರಡು ಪ್ರಶ್ನೆಗಳಿಂದ. ಹಾಗಾಗಿ, ಪ್ರೀತಿಯ ನೆಪದಲ್ಲಿ ಮತಾಂತರ ನಡೆಯುತ್ತದೆ ಎಂಬ ವಾದಕ್ಕೆ ದೇಶದಲ್ಲೇ ಹೆಚ್ಚು ಬಳಕೆಯಾದ ಕೇರಳದ ಹಾದಿಯಾ ಪ್ರಕರಣವನ್ನು ಅದರ ದಿನಾಂಕಗಳ ಜೊತೆಗಿಟ್ಟು ಮತ್ತೊಮ್ಮೆ ಓದುವುದು ಅಗತ್ಯವೆಂದು ನನಗನ್ನಿಸುತ್ತದೆ.

ಹಾದಿಯಾ ಕೊಟ್ಟಾಯಂ ಜಿಲ್ಲೆಯ ವೈಕೋಂ ಕಡೆಯವರು, ತಂದೆತಾಯಿಗೆ ಒಬ್ಬಳೇ ಮಗಳು. ಹುಟ್ಟಿದಾಗ ಇಟ್ಟ ಹೆಸರು ಅಖಿಲಾ. ತಂದೆ ಸೇನೆಯಲ್ಲಿದ್ದು ನಿವೃತ್ತರಾದವರು, ದೇವರನ್ನು ನಂಬದವರು, ತಾಯಿ ದೈವಭಕ್ತೆ. ಹೋಮಿಯೋಪತಿ ವೈದ್ಯ ಪದವಿಗಾಗಿ ಮಗಳು ತಮಿಳುನಾಡಿನ ಸೇಲಂಗೆ ಹೋದರು. ಅಲ್ಲಿ ಜೊತೆಯಲ್ಲಿ ವಾಸವಿದ್ದವರಲ್ಲಿ ಇಬ್ಬರು ಮಲಪ್ಪುರಂ ಜಿಲ್ಲೆಯ ಮುಸ್ಲಿಂ ಸಹೋದರಿಯರು. 2016ರ ಜನವರಿಯಲ್ಲಿ ಮಗಳು ಮನೆಗೂ ಬಾರದೆ ಕಾಲೇಜಿಗೂ ಹೋಗದೆ ಇದ್ದಾಗ ತಂದೆ ಕೇರಳ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ (ವ್ಯಕ್ತಿಯನ್ನು ನ್ಯಾಯಾಲಯದ ಮುಂದೆ ಹಾಜರುಪಡಿಸುವಂತೆ ಕೋರುವ) ಅರ್ಜಿ ಹಾಕಿದರು. ಆಗ ಹಾದಿಯಾ ನ್ಯಾಯಾಲಯಕ್ಕೆ ಸಲ್ಲಿಸಿದ ಪ್ರಮಾಣಪತ್ರ ಸ್ಪಷ್ಟವಾಗಿತ್ತು. ಜೊತೆಗಾತಿಯರು ಹೊತ್ತುಹೊತ್ತಿಗೆ ಮಾಡುವ ಪ್ರಾರ್ಥನೆ ಮತ್ತು ಅವರ ನಡತೆ ತನ್ನನ್ನು ಸೆಳೆಯಿತು, ಆಮೇಲೆ ಪುಸ್ತಕ ಓದಿದೆ, ವಿಡಿಯೊ ನೋಡಿದೆ, ಅಧಿಕೃತವಾಗಿ ಘೋಷಿಸಿಕೊಳ್ಳದಿದ್ದರೂ ಮೂರು ವರ್ಷಗಳಿಂದ ಇಸ್ಲಾಮಿನಂತೆಯೇ ಬದುಕುತ್ತಿದ್ದೇನೆ ಎಂಬುದು ಅದರ ಸಾರ. ಆಕೆ ಸ್ವಇಚ್ಛೆಯಿಂದ ಇದ್ದಾರೆಂದು ಮನಗಂಡ ಹೈಕೋರ್ಟ್ ಆ ಅರ್ಜಿಯನ್ನು ಅದೇ ತಿಂಗಳು ಮುಗಿಸಿತು.

ಶಫೀನ್ ಜಹಾನ್ ಅವರೊಂದಿಗೆ ಮದುವೆ ನಡೆದದ್ದು 2016ರ ಡಿಸೆಂಬರ್ 19ರಂದು. ಸಂಬಂಧ ಕೂಡಿ ಬಂದದ್ದು ವಿವಾಹ ಸಂಬಂಧ ಹುಡುಕುವ ಜಾಲತಾಣವೊಂದರಿಂದ. ಅಂದರೆ ಆ ಯುವಕ ಕಥೆಯೊಳಗೆ ಬರುವ ಹೊತ್ತಿಗೆ ಹುಡುಕಾಟಕ್ಕೆ ನಾಲ್ಕು ವರ್ಷಗಳ ಹತ್ತಿರವಾಗಿತ್ತು. ಪ್ರೀತಿಯ ನೆಪದಲ್ಲಿ ನಡೆದ ಮತಾಂತರವೆಂದು ದೇಶವೆಲ್ಲ ಮಾತನಾಡಿದ ಪ್ರಕರಣದಲ್ಲಿ ಮತಾಂತರಕ್ಕೂ ಮೊದಲು ಪ್ರೀತಿಯೇ ಇರಲಿಲ್ಲ.

ಹಾಗಾದರೆ ಏನಿತ್ತು? ಆಕೆಯ ಮಾತನ್ನೇ ನಂಬಿ ಹೊರಟರೆ ಮೊದಲು ಕಾಣುವುದು ಒಂದು ದಿನಚರಿ. ಬೆಳಗಿನ ಜಾವ ಎದ್ದು ಕೈಕಾಲು ಮುಖ ತೊಳೆದು ಒಂದೇ ದಿಕ್ಕಿಗೆ ನಿಲ್ಲುವ ಇಬ್ಬರು ಹುಡುಗಿಯರು. ಪರೀಕ್ಷೆಯಿದ್ದರೂ ಅದೇ, ಜ್ವರವಿದ್ದರೂ ಅದೇ. ಮನೆಯಿಂದ ದೂರ ಬಂದು, ರಾತ್ರಿ ಯಾವುದು ಹಗಲು ಯಾವುದು ಎಂಬ ಲೆಕ್ಕ ತಪ್ಪಿದ ಬದುಕಿನಲ್ಲಿ ದಿನಕ್ಕೆ ಐದು ಬಾರಿ ನಿಂತು ಬಾಗುವವರನ್ನು ಹತ್ತಿರದಿಂದ ಕಂಡವರಿಗೆ ಅದರ ಬಲ ಅರ್ಥವಾಗುತ್ತದೆ. ದೇವರಿದ್ದಾನೋ ಇಲ್ಲವೋ ಎಂಬ ತರ್ಕದಿಂದ ಇಪ್ಪತ್ತರ ಹರೆಯದ ಹುಡುಕಾಟ ಶುರುವಾಗುವುದು ಅಪರೂಪ. ‘ಇವರು ಇಷ್ಟು ನೆಮ್ಮದಿಯಾಗಿ ಹೇಗಿದ್ದಾರೆ?’ ಎಂಬ ಬೆರಗಿನಿಂದಲೇ ಅದು ಹೆಚ್ಚಾಗಿ ಶುರುವಾಗುತ್ತದೆ. ಅಮೆರಿಕದ ಸಮಾಜಶಾಸ್ತ್ರಜ್ಞರಾದ ಜಾನ್ ಲಾಫ್‌ಲ್ಯಾಂಡ್ ಮತ್ತು ರಾಡ್ನಿ ಸ್ಟಾರ್ಕ್ ಅಲ್ಲಿನ ಒಂದು ಸಣ್ಣ ಧಾರ್ಮಿಕ ಗುಂಪನ್ನು ಹತ್ತಿರದಿಂದ ನೋಡಿ 1965ರಲ್ಲಿ ಹೇಳಿದ್ದೂ ಇದನ್ನೇ: ಒಳಗೊಂದು ತಳಮಳವಿರುವವರು, ಆಗಲೇ ಹುಡುಕುತ್ತಿರುವವರು, ಗುಂಪಿನವರೊಂದಿಗೆ ಆಪ್ತ ನಂಟು ಬೆಳೆದಾಗ ಆ ಕಡೆಗೆ ವಾಲುತ್ತಾರೆ, ಸಿದ್ಧಾಂತದ ಮೇಲಿನ ಪೂರ್ಣ ನಂಬಿಕೆ ಅನೇಕರಲ್ಲಿ ಆಮೇಲೆ ಬಲಿಯುತ್ತದೆ.

ಈ ಮಾತನ್ನು ಎರಡೂ ಕಡೆಯವರು ತಮಗೆ ಬೇಕಾದಂತೆ ತಿರುಗಿಸಿಕೊಳ್ಳಬಹುದು. ಸ್ನೇಹದಿಂದ ನಂಬಿಕೆ ಬಂದಿದ್ದರೆ ಅದು ನಿಜವಾದ ನಂಬಿಕೆಯಲ್ಲ, ಬಲೆ ಎಂದು ಒಬ್ಬರು ಹೇಳಬಹುದು. ಆದರೆ ನಮ್ಮಲ್ಲಿ ಯಾರ ನಂಬಿಕೆ ಸ್ನೇಹವಿಲ್ಲದೆ, ಮಮತೆಯಿಲ್ಲದೆ ಬಂದಿದೆ? ದೀಪ ಹಚ್ಚುವುದನ್ನು ನಾವು ಕಲಿತದ್ದು ಅಜ್ಜಿಯ ಪಕ್ಕದಲ್ಲಿ ಕುಳಿತು. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಕಣ್ಣು ನೆಡುವುದನ್ನು ತಾಯಿಯೋ ಗುರುವೋ ಕಲಿಸುತ್ತಾರೆ. ಹುಟ್ಟಿದ ಮನೆಯಲ್ಲಿ ಪ್ರೀತಿಯಿಂದ ಬಂದ ನಂಬಿಕೆಗೆ ಸಂಸ್ಕಾರವೆಂಬ ಗೌರವ, ಹಾಸ್ಟೆಲಿನಲ್ಲಿ ಪ್ರೀತಿಯಿಂದ ಬಂದ ನಂಬಿಕೆಗೆ ಮಾತ್ರ ಷಡ್ಯಂತ್ರವೆಂಬ ಹೆಸರು ಎಂದರೆ ನ್ಯಾಯವಲ್ಲ. ಉಡುತಡಿಯ ಹುಡುಗಿಯೊಬ್ಬಳು ಮನೆ, ಒಡವೆ, ಉಡುಗೆಗಳನ್ನೆಲ್ಲ ತೊರೆದು ತನ್ನ ಚೆನ್ನಮಲ್ಲಿಕಾರ್ಜುನನನ್ನು ಅರಸುತ್ತಾ ಕಲ್ಯಾಣದ ಅನುಭವ ಮಂಟಪಕ್ಕೆ ಬಂದಾಗ ಶರಣರು ಅವಳನ್ನೇ ಪ್ರಶ್ನಿಸಿದರು, ಅವಳಿಂದಲೇ ಉತ್ತರ ಪಡೆದರು ಎಂದು ಎಂಟು ಶತಮಾನಗಳಿಂದ ಹೆಮ್ಮೆಯಿಂದ ಹೇಳಿಕೊಂಡು ಬಂದ ನಾಡು ನಮ್ಮದು.

ಇಸ್ಲಾಮಿಗೆ ಬರುವ ಎಲ್ಲರ ದಾರಿಯೂ ಒಂದೇ ಅಲ್ಲ. ಎ.ಆರ್. ರಹಮಾನ್ ಅವರ ಕಥೆ ಬಹುಮಂದಿಗೆ ಗೊತ್ತು. 1967ರಲ್ಲಿ ದಿಲೀಪ್ ಕುಮಾರ್ ಆಗಿ ಹುಟ್ಟಿದ ಅವರು ಒಂಬತ್ತನೆಯ ವಯಸ್ಸಿಗೆ ಸಂಗೀತಗಾರ ತಂದೆಯನ್ನು ಕಳೆದುಕೊಂಡರು. ಕಾಯಿಲೆ, ಸಾವು, ಬಡತನಗಳ ನಡುವೆ ಕುಟುಂಬಕ್ಕೆ ಕರೀಮುಲ್ಲಾ ಷಾ ಖಾದ್ರಿ ಎಂಬ ಸೂಫಿ ಗುರುವಿನ ಸಂಗ ದೊರೆಯಿತು. ವರ್ಷಗಳ ಅವಧಿಯಲ್ಲಿ ಇಡೀ ಮನೆ ನಿಧಾನವಾಗಿ ಆ ದಾರಿಗೆ ಬಂತು. ರಹಮಾನ್ ಎಂಬ ಹೆಸರನ್ನು ಸೂಚಿಸಿದ್ದು ಒಬ್ಬ ಹಿಂದೂ ಜ್ಯೋತಿಷಿ ಎಂದು ಅವರೇ ಹೇಳಿಕೊಂಡಿದ್ದಾರೆ. ಇದನ್ನು ಯಾರೂ ಅಪರಾಧವೆಂದು ನೋಡಲಿಲ್ಲ, ತನಿಖೆ ನಡೆಸಲಿಲ್ಲ. ಕಾಲ ಬೇರೆಯಿತ್ತು ಎನ್ನುವುದು ನಿಜ. ಅದಕ್ಕಿಂತ ದೊಡ್ಡ ವ್ಯತ್ಯಾಸವೆಂದರೆ ಅಲ್ಲಿ ತಾಯಿ ಮಕ್ಕಳು ಒಟ್ಟಿಗೆ ನಡೆದರು, ಮನೆ ಒಡೆಯಲಿಲ್ಲ. ಹಾದಿಯಾ ಒಬ್ಬರೇ ನಡೆದರು. ಅದರಲ್ಲೂ ಮಗಳು, ಒಬ್ಬಳೇ ಮಗಳು. ಪ್ಯೂ ಸಂಶೋಧನಾ ಸಂಸ್ಥೆ 2021ರಲ್ಲಿ ಪ್ರಕಟಿಸಿದ, ಸುಮಾರು 30,000 ಭಾರತೀಯರನ್ನು ಮಾತನಾಡಿಸಿದ ಸಮೀಕ್ಷೆಯಲ್ಲಿ ತಮ್ಮ ಸಮುದಾಯದ ಹೆಣ್ಣುಮಕ್ಕಳು ಬೇರೆ ಧರ್ಮದವರನ್ನು ಮದುವೆಯಾಗುವುದನ್ನು ತಡೆಯುವುದು ಬಹಳ ಮುಖ್ಯವೆಂದವರು ಹಿಂದೂಗಳಲ್ಲಿ ಶೇ 67, ಮುಸ್ಲಿಮರಲ್ಲಿ ಶೇ 80. ಮಗಳ ಮನಸ್ಸಿನ ಮೇಲೆ ಮನೆಯ ಒಡೆತನ ಎಂಬ ಭಾವನೆಯಲ್ಲಿ ಈ ಎರಡು ಸಮುದಾಯಗಳಿಗೆ ಹೆಚ್ಚು ಅಂತರವಿಲ್ಲ.

ಅದೇ ಸಮೀಕ್ಷೆಯ ಇನ್ನೊಂದು ಅಂಕಿಯನ್ನು ಈ ಚರ್ಚೆಯಲ್ಲಿ ಯಾರೂ ಹೇಳುವುದಿಲ್ಲ. ಹಿಂದೂಗಳಾಗಿ ಬೆಳೆದು ಈಗ ಹಿಂದೂಗಳಲ್ಲ ಎಂದವರು ಶೇ 0.7, ಬೇರೆಯಾಗಿ ಬೆಳೆದು ಈಗ ಹಿಂದೂ ಎಂದವರು ಶೇ 0.8. ಪ್ರವಾಹವೆಂದು ಬಣ್ಣಿಸಲಾಗುವ ಸಂಗತಿಯ ನಿಜವಾದ ಅಳತೆ ಇಷ್ಟು.

ಇಸ್ಲಾಂ ಸ್ವೀಕರಿಸುವ ಕ್ರಿಯೆ ಬಹಳ ಸರಳ. ಅಲ್ಲಾಹನ ಹೊರತು ಆರಾಧ್ಯರಿಲ್ಲ, ಮುಹಮ್ಮದರು ಅಲ್ಲಾಹನ ದೂತರು ಎಂಬ ಕಲಿಮಾವನ್ನು ಮನಸಾರೆ ನಂಬಿ ಹೇಳಿದರೆ ಮುಗಿಯಿತು, ಪುರೋಹಿತರು ಬೇಕಿಲ್ಲ. ಹೆಸರು ಬದಲಿಸಲೇಬೇಕೆಂಬ ಕಟ್ಟಳೆಯೂ ಇಲ್ಲ. ಪ್ರವಾದಿಯ ಸಂಗಡಿಗರಲ್ಲಿ ಹೆಚ್ಚಿನವರು ಇಸ್ಲಾಮಿಗೆ ಮೊದಲಿನ ತಮ್ಮ ಹೆಸರುಗಳನ್ನೇ ಉಳಿಸಿಕೊಂಡರು. ನಿಜವಾದ ಕಷ್ಟ ಆಮೇಲೆ, ಮನೆಯಲ್ಲಿ. ತಂದೆತಾಯಿ ಬೇರೆ ದೇವರನ್ನು ಪೂಜಿಸಲು ಒತ್ತಾಯಿಸಿದರೆ ಆ ಒಂದು ವಿಷಯದಲ್ಲಿ ಅವರ ಮಾತು ಕೇಳಬೇಡ, ಆದರೆ ಈ ಲೋಕದಲ್ಲಿ ಅವರೊಂದಿಗೆ ಒಳ್ಳೆಯ ರೀತಿಯಲ್ಲಿ ಬಾಳು ಎಂದು ಕುರ್‌ಆನ್‌ನ 31ನೇ ಅಧ್ಯಾಯ ಹೇಳುತ್ತದೆ. ಬಹುದೇವಾರಾಧಕಳಾದ ತಾಯಿ ತನ್ನನ್ನು ನೋಡಲು ಬಂದಿದ್ದಾಳೆ, ಏನು ಮಾಡಲಿ ಎಂದು ಕೇಳಿದ ಅಸ್ಮಾ ಎಂಬ ಹೆಣ್ಣುಮಗಳಿಗೆ ತಾಯಿಯೊಂದಿಗೆ ಸಂಬಂಧ ಉಳಿಸಿಕೋ ಎಂದೇ ಪ್ರವಾದಿ ಹೇಳಿದ್ದು. ಹೊಸದಾಗಿ ಬಂದವರಿಗೆ ಮೊದಲು ತಲುಪಬೇಕಾದ ಪಾಠ ಇದು. ಬದಲಾಗಿ ಮೊಬೈಲಿನಲ್ಲಿ ಸಿಗುವ ಕೆಲವು ಬೋಧಕರು ಮೊದಲ ವಾರದಲ್ಲೇ ಹಳೆಯ ಗೆಳೆಯರನ್ನು ಬಿಡು, ಮನೆಯ ಅನ್ನ ಮುಟ್ಟಬೇಡ ಎಂದು ಕಲಿಸುತ್ತಾರೆ. ಹುಡುಕಾಟಕ್ಕೆ ಅಪಾಯ ಎದುರಾಗುವುದು ಇಲ್ಲಿ.

ಹಾದಿಯಾ ಅವರ ತಂದೆಯ ಭಯವನ್ನು ಲಘುವಾಗಿ ಕಾಣಲು ನನಗೆ ಮನಸ್ಸಾಗುವುದಿಲ್ಲ. 2016ರ ಮಧ್ಯದಲ್ಲಿ ಕಾಸರಗೋಡು, ಪಾಲಕ್ಕಾಡ್ ಕಡೆಯ ಇಪ್ಪತ್ತಕ್ಕೂ ಹೆಚ್ಚು ಮಂದಿ ಐಎಸ್ ಉಗ್ರಸಂಘಟನೆ ಸೇರಲು ಅಫ್ಘಾನಿಸ್ತಾನದ ನಂಗರ್‌ಹಾರ್‌ಗೆ ಹೋದ ಸುದ್ದಿ ಕೇರಳವನ್ನು ನಡುಗಿಸಿತು. ಅವರಲ್ಲಿ ಕೆಲವರು ಹೊಸದಾಗಿ ಇಸ್ಲಾಂ ಸ್ವೀಕರಿಸಿದ ಓದಿದ ಯುವಜನ; ಹೆಣ್ಣುಮಕ್ಕಳೂ ಇದ್ದರು. ಆ ಸುದ್ದಿ ಪತ್ರಿಕೆಗಳ ಮುಖಪುಟದಲ್ಲಿದ್ದಾಗಲೇ, ಆಗಸ್ಟ್‌ನಲ್ಲಿ, ಹಾದಿಯಾ ಅವರ ತಂದೆ ಮಗಳನ್ನು ಸಿರಿಯಾಕ್ಕೆ ಕರೆದೊಯ್ಯುತ್ತಾರೆಂಬ ಭಯದಿಂದ ಎರಡನೆಯ ಅರ್ಜಿ ಹಾಕಿದರು. ಯಾವ ತಂದೆಯಾದರೂ ಬೆದರುವ ಕಾಲ ಅದು. ಆದರೆ ಮಗಳನ್ನು ಯಾರಾದರೂ ಹೊರದೇಶಕ್ಕೆ ಸಾಗಿಸುತ್ತಿದ್ದಾರೆಯೇ ಎಂದು ವಿಚಾರಿಸುವುದು ಬೇರೆ. ಮಗಳ ನಂಬಿಕೆ ಅವಳದೇ ಅಲ್ಲವೆಂದು ತೀರ್ಮಾನಿಸುವುದು ಬೇರೆ. ಮೊದಲನೆಯದು ಪೊಲೀಸರ ಕರ್ತವ್ಯ, ಅದು ನಡೆಯಲೇಬೇಕು. ಎರಡನೆಯದನ್ನು ಮಾಡುವ ಅಧಿಕಾರ ಯಾರಿಗೂ ಇಲ್ಲ.

ಕೇರಳ ಹೈಕೋರ್ಟ್ ಇವೆರಡನ್ನೂ ಬೆರೆಸಿತು. ಓದು ಮುಗಿಸಲು ಕಾಲೇಜಿಗೆ ಕಳುಹಿಸುವ ಮಾತು ನ್ಯಾಯಾಲಯದಲ್ಲಿ ನಡೆದಿದ್ದ ದಿನವೇ ಮದುವೆಯೂ ನಡೆದದ್ದು ನ್ಯಾಯಮೂರ್ತಿಗಳಿಗೆ ಸಂಶಯ ಹುಟ್ಟಿಸಿತು. ಆ ಸಂಶಯ ನಿರಾಧಾರವೆಂದು ನಾನು ಹೇಳುವುದಿಲ್ಲ. ಆದರೆ ಆತುರಕ್ಕೆ ಇನ್ನೊಂದು ಕಾರಣವೂ ಇತ್ತು, ಅದನ್ನು ಯಾರೂ ಎತ್ತಿ ಹೇಳಲಿಲ್ಲ. ಹೆತ್ತವರ ಮನೆ ಬಿಟ್ಟ ಮದುವೆಯಾಗದ ಹೆಣ್ಣಿಗೆ ನಮ್ಮ ಯಾವ ಸಮುದಾಯದಲ್ಲೂ ತಾನೇ ತಾನಾಗಿ ನಿಲ್ಲುವ ಜಾಗವಿಲ್ಲ. ಇಲ್ಲಿ ಮಗಳಾಗಿರಬೇಕು, ಅಲ್ಲಿ ಹೆಂಡತಿಯಾಗಿರಬೇಕು. ಹೊಸದಾಗಿ ಬಂದ ಹೆಣ್ಣುಮಗಳನ್ನು ಕಾಪಾಡಬೇಕೆಂಬ ಒಳ್ಳೆಯ ಮನಸ್ಸಿನವರಿಗೂ ಮದುವೆ ಮಾಡಿಸುವುದಕ್ಕಿಂತ ಬೇರೆ ದಾರಿ ತೋಚುವುದಿಲ್ಲ. ಮುಸ್ಲಿಂ ಸಮಾಜ ಇದನ್ನು ಕುರಿತು ಗಂಭೀರವಾಗಿ ಯೋಚಿಸಬೇಕು. ನಂಬಿಕೆ ಹುಡುಕಿಕೊಂಡು ಬಂದವಳಿಗೆ ಓದು ಮುಗಿಸುವ, ದುಡಿಯುವ, ಒಬ್ಬಳೇ ಬದುಕುವ ಅವಕಾಶ ಮೊದಲು ಸಿಗಬೇಕು. ಮದುವೆ ಅವಳಿಗೆ ಬೇಕಾದಾಗ ಆಗಲಿ.

2017ರ ಮೇ 24ರಂದು ಹೈಕೋರ್ಟ್ ಮದುವೆಯನ್ನು ಅಸಿಂಧುಗೊಳಿಸಿ ಆಕೆಯನ್ನು ತಂದೆಯ ವಶಕ್ಕೆ ಕೊಟ್ಟಿತು. 24 ವರ್ಷದ ಹುಡುಗಿ ದುರ್ಬಲಳು, ಅನೇಕ ರೀತಿಯಲ್ಲಿ ಶೋಷಣೆಗೆ ಒಳಗಾಗಬಲ್ಲವಳು ಎಂದು ತೀರ್ಪು ಹೇಳಿತು. ವೈದ್ಯ ಪದವಿಯ ಹೊಸ್ತಿಲಲ್ಲಿದ್ದ, ಮತ ಹಾಕುವ ಹಕ್ಕಿದ್ದ ಹೆಣ್ಣಿನ ಬಗ್ಗೆ ಬಂದ ಮಾತು ಇದು. ಆಗಸ್ಟ್ 16ರಂದು ಸುಪ್ರೀಂ ಕೋರ್ಟ್ ರಾಷ್ಟ್ರೀಯ ತನಿಖಾ ಸಂಸ್ಥೆ ಎನ್‌ಐಎ ತನಿಖೆಗೆ ಆದೇಶಿಸಿತು. ಅದಾದ ಎಂಟೇ ದಿನಕ್ಕೆ, ಆಗಸ್ಟ್ 24ರಂದು, ಅದೇ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ವಿರುದ್ಧ ಹೂಡಿದ್ದ ದಾವೆಯ ತೀರ್ಪು ಅದು. ನಂಬಿಕೆಯನ್ನು ಆರಿಸಿಕೊಳ್ಳುವುದು, ಅದನ್ನು ಲೋಕಕ್ಕೆ ಹೇಳುವುದು ಅಥವಾ ಹೇಳದೆ ಇರುವುದು ವ್ಯಕ್ತಿಯ ಆಯ್ಕೆ ಎಂಬ ವಿಚಾರ ಅದರಲ್ಲಿದೆ. ಆ ಮಾತು ದೆಹಲಿಯಲ್ಲಿ ಹೊರಬಿದ್ದಾಗ ಹಾದಿಯಾ ವೈಕೋಂನಲ್ಲಿ ಪೊಲೀಸ್ ಕಾವಲಿನ ಮನೆಯೊಳಗಿದ್ದರು.

ಸುಪ್ರೀಂ ಕೋರ್ಟ್ ಆಕೆಯ ಮಾತನ್ನು ನೇರವಾಗಿ ಕೇಳಿದ್ದು 2017ರ ನವೆಂಬರ್ 27ರಂದು. ಏನು ಬೇಕು ಎಂದು ಕೇಳಿದಾಗ ಸ್ವಾತಂತ್ರ್ಯ ಬೇಕು, ನನ್ನ ನಂಬಿಕೆಯಂತೆ ಬದುಕಬೇಕು, ಓದು ಮುಗಿಸಬೇಕು ಎಂದು ಆಕೆ ಮಲಯಾಳದಲ್ಲಿ ಉತ್ತರಿಸಿದರು. ಸೇಲಂನ ಕಾಲೇಜಿಗೆ ಮರಳಲು ಅವಕಾಶ ಸಿಕ್ಕಿತು. 2018ರ ಮಾರ್ಚ್ 8ರಂದು ಹೈಕೋರ್ಟಿನ ತೀರ್ಪು ರದ್ದಾಯಿತು. ಕಾರಣಗಳನ್ನು ವಿವರಿಸುವ ತೀರ್ಪು ಏಪ್ರಿಲ್ 9ರಂದು ಬಂತು. ಹೆತ್ತವರ ಪ್ರೀತಿ ಎಷ್ಟೇ ದೊಡ್ಡದಿದ್ದರೂ ವಯಸ್ಕಳ ಆಯ್ಕೆಯನ್ನು ಅದು ಅಳಿಸಲಾರದು ಎಂಬುದು ಅದರ ತಿರುಳು. ಎನ್‌ಐಎ ಕೂಡ ಮತಾಂತರಕ್ಕೆ ಬಲವಂತ ನಡೆದ ಸಾಕ್ಷ್ಯವಿಲ್ಲವೆಂದು ತನಿಖೆ ಮುಗಿಸಿತೆಂಬ ವರದಿಗಳು ಅದೇ ವರ್ಷ ಬಂದವು.

ಆಮೇಲೆ ನಡೆದದ್ದು ಇನ್ನೂ ಹೆಚ್ಚು ಯೋಚಿಸಬೇಕಾದ ಸಂಗತಿ. ಆ ದಾಂಪತ್ಯ ಮುಂದೆ ಕೊನೆಗೊಂಡಿತು, ಆಕೆ ಮರುಮದುವೆಯಾದರು. 2023ರ ಡಿಸೆಂಬರ್‌ನಲ್ಲಿ ತಂದೆ ಮತ್ತೆ ಹೇಬಿಯಸ್ ಕಾರ್ಪಸ್ ಅರ್ಜಿ ಸಲ್ಲಿಸಿದಾಗ ಆಕೆ ಯಾರ ಬಂಧನದಲ್ಲೂ ಇಲ್ಲವೆಂದು ಕಂಡುಕೊಂಡ ಕೇರಳ ಹೈಕೋರ್ಟ್ ಅದನ್ನು ಮುಗಿಸಿತು. ಮದುವೆಗಾಗಿ ಧರ್ಮ ಬದಲಿಸಿದ್ದರೆ ಮದುವೆ ಮುರಿದ ದಿನ ಹಿಂದಿರುಗಬಹುದಿತ್ತು. ನಂಬಿಕೆ ಮದುವೆಗಿಂತ ಹಿಂದಿನದು, ಮದುವೆಯ ಆಚೆಗೂ ಉಳಿಯಿತು.

ಈಗ ಕರ್ನಾಟಕಕ್ಕೆ ಬರೋಣ. ಮತಾಂತರ ನಿಷೇಧ ಕಾಯ್ದೆಯೆಂದು ನಾವು ಕರೆಯುವ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ ಮೊದಲು 2022ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯಾಗಿ, ಸೆಪ್ಟೆಂಬರ್‌ನಲ್ಲಿ ಶಾಸನವಾಗಿ ಬಂತು. ಬಲಾತ್ಕಾರ, ಆಮಿಷ, ವಂಚನೆ, ಅನುಚಿತ ಪ್ರಭಾವ ಅಥವಾ ಮದುವೆಯ ಭರವಸೆಯಿಂದ ಮತಾಂತರಿಸಿದರೆ 3ರಿಂದ 5 ವರ್ಷ ಜೈಲು. ಮತಾಂತರಗೊಂಡವರು ಅಪ್ರಾಪ್ತ ವಯಸ್ಕರು, ಮಾನಸಿಕ ಅಸ್ವಸ್ಥರು, ಪರಿಶಿಷ್ಟ ಜಾತಿ ಪಂಗಡದವರು ಅಥವಾ ಮಹಿಳೆಯಾಗಿದ್ದರೆ 10 ವರ್ಷದವರೆಗೆ. ವಯಸ್ಕ ಹೆಣ್ಣು ಯಾರ ಸಾಲಿನಲ್ಲಿ ನಿಂತಿದ್ದಾಳೆ ನೋಡಿ. ಕೇರಳ ಹೈಕೋರ್ಟ್ 24 ವರ್ಷದವಳ ಬಗ್ಗೆ ಹೇಳಿದ್ದನ್ನು ಸುಪ್ರೀಂ ಕೋರ್ಟ್ ಅಳಿಸಿ ಹಾಕಿದ ನಾಲ್ಕು ವರ್ಷಗಳ ನಂತರ ನಮ್ಮ ಶಾಸನ ಅದನ್ನೇ ಎಲ್ಲ ಮಹಿಳೆಯರಿಗೂ ಅನ್ವಯಿಸಿತು.

ಪ್ರಕ್ರಿಯೆ ಇನ್ನೂ ಕಠಿಣ. ಧರ್ಮ ಬದಲಿಸಬಯಸುವವರು 30 ದಿನ ಮೊದಲೇ ಜಿಲ್ಲಾ ದಂಡಾಧಿಕಾರಿಗೆ ಘೋಷಣೆ ಸಲ್ಲಿಸಬೇಕು. ಅದು ಜಿಲ್ಲಾಧಿಕಾರಿ ಮತ್ತು ತಹಶೀಲ್ದಾರರ ಕಚೇರಿಯ ಸೂಚನಾ ಫಲಕದಲ್ಲಿ ಪ್ರಕಟವಾಗಬೇಕು, ಆಕ್ಷೇಪಣೆ ಬಂದರೆ ವಿಚಾರಣೆ ನಡೆಯಬೇಕು. ತಂದೆತಾಯಿ, ಒಡಹುಟ್ಟಿದವರು, ಬಂಧುಗಳು ಮಾತ್ರವಲ್ಲ, ಸಹೋದ್ಯೋಗಿಯೂ ದೂರು ಕೊಡಬಹುದು. ತಾನು ನಿರಪರಾಧಿಯೆಂದು ಸಾಬೀತುಪಡಿಸುವ ಹೊಣೆ ಮತಾಂತರ ಮಾಡಿಸಿದ ಆರೋಪ ಹೊತ್ತವರದು. ಹಿಂದಿನ ಧರ್ಮಕ್ಕೆ ಮರಳುವವರಿಗೆ ಮಾತ್ರ ಇದಾವುದೂ ಇಲ್ಲ, ಅದು ಕಾಯ್ದೆಯ ದೃಷ್ಟಿಯಲ್ಲಿ ಮತಾಂತರವೇ ಅಲ್ಲ.

ಕಾಲೇಜು ಹಾಸ್ಟೆಲಿನಲ್ಲಿರುವ ಹುಡುಗಿಯೊಬ್ಬಳನ್ನು ಈ ಪ್ರಕ್ರಿಯೆಯ ಎದುರು ನಿಲ್ಲಿಸಿ ನೋಡೋಣ. ಇನ್ನೂ ಓದುತ್ತಿದ್ದಾಳೆ, ಅನುಮಾನಿಸುತ್ತಿದ್ದಾಳೆ, ಒಂದು ದಿನ ನಮಾಝ್ ಮಾಡಿ ಇನ್ನೊಂದು ದಿನ ಬಿಡುತ್ತಾಳೆ. ಹುಡುಕಾಟ ಹಾಗೇ ಇರುತ್ತದೆ. ಅವಳಿಗೆ ಬೇಕಾದದ್ದು ಸಮಯ, ಖಾಸಗಿತನ, ಹಿಂದಿರುಗುವ ಬಾಗಿಲು. ಸೂಚನಾ ಫಲಕದಲ್ಲಿ ಹೆಸರು ಬಿದ್ದ ದಿನ ಮೂರೂ ಹೋಗುತ್ತವೆ. ಊರಿಗೆ ತಿಳಿಯುತ್ತದೆ, ಸಂಘಟನೆಗಳು ಮನೆ ಬಾಗಿಲಿಗೆ ಬರುತ್ತವೆ, ಹಾಸ್ಟೆಲಿನ ಗೆಳತಿಯ ಮೇಲೆ ಪ್ರಕರಣ ಬೀಳಬಹುದು. ನಿಧಾನವಾಗಿ ನಡೆಯಬೇಕಾದ್ದನ್ನು ಅವಸರಕ್ಕೆ, ಗುಟ್ಟಿಗೆ ತಳ್ಳುವುದು ಇದೇ. ಗುಟ್ಟಿನಲ್ಲಿ ಸಿಗುವ ಗುರು ಎಂಥವನೆಂದು ಯಾರಿಗೆ ಗೊತ್ತು? ಹಿಮಾಚಲ ಪ್ರದೇಶ ಹೈಕೋರ್ಟ್ 2012ರಲ್ಲಿ ಇಂಥದೇ 30 ದಿನಗಳ ಸೂಚನೆಯ ನಿಯಮವನ್ನು ಹೊಡೆದುಹಾಕುವಾಗ, ನಂಬಿಕೆ ಬದಲಿಸುವ ಹಕ್ಕಿನಲ್ಲಿ ಅದನ್ನು ಗುಟ್ಟಾಗಿಟ್ಟುಕೊಳ್ಳುವ ಹಕ್ಕೂ ಸೇರಿದೆ ಎಂದಿತ್ತು. ಮಧ್ಯಪ್ರದೇಶ, ಗುಜರಾತ್ ಹೈಕೋರ್ಟುಗಳೂ ತಮ್ಮ ರಾಜ್ಯಗಳ ಕಾಯ್ದೆಗಳ ಕೆಲವು ಕಲಮುಗಳಿಗೆ ತಡೆ ಕೊಟ್ಟಿವೆ. ಕಾಯ್ದೆಯ ಬೆಂಬಲಿಗರು ಉಲ್ಲೇಖಿಸುವ ಸುಪ್ರೀಂ ಕೋರ್ಟಿನ 1977ರ ಸ್ಟಾನಿಸ್ಲಾಸ್ ತೀರ್ಪು ಹೇಳುವುದು ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಯಾರಿಗೂ ಇಲ್ಲವೆಂದು. ತಾನೇ ಬದಲಾಗುವವರ ಹಕ್ಕನ್ನು ಅದು ಕಿತ್ತುಕೊಂಡಿಲ್ಲ.

ಹುಡುಕುವವರು ದಲಿತರಾಗಿದ್ದರೆ ಬೆಲೆ ಮತ್ತೂ ಹೆಚ್ಚು. 1950ರ ರಾಷ್ಟ್ರಪತಿ ಆದೇಶದಂತೆ ಇಸ್ಲಾಂ ಅಥವಾ ಕ್ರೈಸ್ತ ಧರ್ಮಕ್ಕೆ ಹೋದವರಿಗೆ ಪರಿಶಿಷ್ಟ ಜಾತಿಯ ಸ್ಥಾನಮಾನ ಉಳಿಯುವುದಿಲ್ಲ. ಹೊಸ ಧರ್ಮದಲ್ಲಿ ಜಾತಿಯ ಕಾಟ ತಪ್ಪೀತೆಂಬ ಖಾತರಿಯೂ ಇಲ್ಲ. ಅಂಬೇಡ್ಕರ್ 1935ರಲ್ಲಿ ಯೇವಲಾದಲ್ಲಿ ಹಿಂದೂವಾಗಿ ಸಾಯುವುದಿಲ್ಲವೆಂದು ಘೋಷಿಸಿ, ಇಸ್ಲಾಂ, ಕ್ರೈಸ್ತ, ಸಿಖ್ ಧರ್ಮಗಳನ್ನೆಲ್ಲ ತೂಗಿ ನೋಡಿ, 1956ರಲ್ಲಿ ನಾಗಪುರದಲ್ಲಿ ಬೌದ್ಧರಾದರು. ನಡುವೆ 21 ವರ್ಷ ಹಿಡಿಯಿತು. ಅಷ್ಟು ನಿಡಿದಾದ ಹುಡುಕಾಟದ ಎದುರು ಜಿಲ್ಲಾಧಿಕಾರಿಯ ಒಂದು ತಿಂಗಳ ವಿಚಾರಣೆ ಏನನ್ನು ಅಳೆಯಬಲ್ಲದು?

ಈ ಕಾಯ್ದೆಯನ್ನು ಹಿಂಪಡೆಯಲು ರಾಜ್ಯ ಸಚಿವ ಸಂಪುಟ 2023ರ ಜೂನ್ 15ರಂದು ತೀರ್ಮಾನಿಸಿತು. ಹಿಂಪಡೆಯಲಿ ಅಥವಾ ತಿದ್ದಲಿ, ನನ್ನ ಬೇಡಿಕೆ ಮೂರು. ಬಲವಂತ, ಅಪಹರಣ, ವಂಚನೆಗಳನ್ನು ದಂಡಸಂಹಿತೆಯಡಿ ಕಠಿಣವಾಗಿ ಶಿಕ್ಷಿಸಿ, ಅದಕ್ಕೆ ಬೇಕಾದ ಕಲಮುಗಳು ಆಗಲೇ ಇವೆ. ವಯಸ್ಕರ ವಿಷಯದಲ್ಲಿ ದೂರು ಕೊಡುವ ಹಕ್ಕು ಮತಾಂತರಗೊಂಡವರಿಗೆ ಮಾತ್ರ ಇರಲಿ. ಹೆತ್ತವರಿಗೆ ನಿಜವಾದ ಆತಂಕವಿದ್ದರೆ ನ್ಯಾಯಾಧೀಶರು ಆಕೆಯನ್ನು ತಮ್ಮ ಕೊಠಡಿಗೆ ಕರೆಸಿ, ತಂದೆಯಾಗಲಿ, ಗಂಡನಾಗಲಿ, ಸಂಘಟನೆಯವರಾಗಲಿ ಎದುರಿಗಿಲ್ಲದಂತೆ, ಒಂದು ಬಾರಿ ಮಾತನಾಡಿಸಲಿ. ಸ್ವಇಚ್ಛೆಯೆಂದು ಆಕೆ ಹೇಳಿದರೆ ಕಡತವನ್ನು ಅಲ್ಲಿಗೇ ಮುಚ್ಚಲಿ.